ನಲವತ್ತೊಂದನೇ ಬಿಲ್ಲೆ

ಚೌಡಮ್ಮ ಸತ್ತು ಹದಿಮೂರು ವರ್ಷವಾಗಿತ್ತು. ಆದರೂ ಕಾರ್ಖಾನೆಯ ಗೇಟಿಗೆ ಬೀಗ ಬೀಳುವ ದಿನದವರೆಗೂ ಅವಳು ಕೆಲಸಕ್ಕೆ ಬರುತ್ತಿದ್ದಳು. ಹಾಜರಿ ಪುಸ್ತಕ ಹಾಗೆ ಹೇಳುತ್ತಿತ್ತು. ಆ ಪುಸ್ತಕ ಬರೆಯುತ್ತಿದ್ದ ರೈಟರ್ ಕಾಂತೇಶನಿಗೆ ನಿಜ ಗೊತ್ತಿತ್ತು. ಬಾಳೆಹೊನ್ನೂರಿನಲ್ಲಿದ್ದ ಸಾಹುಕಾರರಿಗೆ ಗೊತ್ತಿತ್ತು. ಬಿದಿರು ಸೀಳುವ ಕೊಟ್ಟಿಗೆಯಲ್ಲಿ ಕೂರುತ್ತಿದ್ದ ಮೂವತ್ತು ಹೆಂಗಸರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಸರ್ಕಾರಕ್ಕೆ ಮಾತ್ರ. ಸರ್ಕಾರಕ್ಕೆ ಗೊತ್ತಾಗಲಿ ಎಂದು ಯಾರೂ ಬಯಸಿರಲಿಲ್ಲ. ಚೌಡಮ್ಮನ ಸೊಸೆ ದುಗ್ಗಮ್ಮನೂ ಬಯಸಿರಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಕಾಂತೇಶ "ಚೌಡಮ್ಮ" ಎಂದು ಕೂಗಿದಾಗ "ಬಂದೀನಿ" ಎನ್ನುತ್ತಿದ್ದವಳು ಅವಳೇ. ಹೀಗೆ ಇಪ್ಪತ್ತೆರಡು ವರ್ಷ, ಮೊದಲ ಒಂಬತ್ತು ವರ್ಷ ಅತ್ತೆ ಬದುಕಿದ್ದಾಗಲೇ.

ಅದು ಊದುಬತ್ತಿಗೆ ಬಿದಿರಿನ ಕಡ್ಡಿ ಮಾಡುವ ಕಾರ್ಖಾನೆ. ನರಸಿಂಹರಾಜಪುರದಿಂದ ಕೊಪ್ಪದ ಕಡೆ ಎರಡು ಮೈಲಿ ಹೋದರೆ ಎಡಕ್ಕೆ ಒಂದು ತಗಡಿನ ಮಾಡು ಕಾಣುತ್ತದೆ, ಅದೇ. ಮೇಗುಂದ, ಕಮ್ಮರಡಿ ಕಡೆಯಿಂದ ಲಾರಿಯಲ್ಲಿ ಬಿದಿರು ಬರುತ್ತಿತ್ತು. ಗಂಡಸರು ಗೆಣ್ಣು ಬಿಟ್ಟು ಗೇಣುದ್ದ ಕೊಯ್ದು ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು. ಆಮೇಲಿನದೆಲ್ಲ ಹೆಂಗಸರ ಪಾಲು. ನೆಲದಲ್ಲಿ ಗೋಣಿ ಹಾಸಿ, ಒಂದು ಕಾಲು ಚಾಚಿ ಕೂರಬೇಕು. ಹಸಿ ತುಂಡನ್ನು ಕತ್ತಿಗೆ ಕೊಟ್ಟು ಎರಡು ಮಾಡಬೇಕು. ಎರಡನ್ನು ನಾಲ್ಕು, ನಾಲ್ಕನ್ನು ಎಂಟು, ಬೆಂಕಿಕಡ್ಡಿಗಿಂತ ತೆಳ್ಳಗಾಗುವವರೆಗೂ ಅದೇ. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡರೂ ಸಿಬಿರು ಚುಚ್ಚಿ ಒಳಹೋಗುತ್ತಿತ್ತು. ಹೊಕ್ಕ ಸಿಬಿರು ಅಲ್ಲೇ ಕೀವಾಗಿ, ತಾನಾಗಿಯೇ ಹೊರಗೆ ಬರುವವರೆಗೆ ಕಾಯುತ್ತಿದ್ದರು, ಯಾಕೆಂದರೆ ಕೆಲಸ ನಿಲ್ಲಿಸಿ ಪಿನ್ನು ಹುಡುಕುತ್ತ ಕೂತರೆ ಸಂಜೆ ತಕ್ಕಡಿಯಲ್ಲಿ ಕಡ್ಡಿ ಕಡಿಮೆ ಬೀಳುತ್ತಿತ್ತು. ಬಿದಿರಿನ ಮೈಮೇಲಿನ ಸುಂಕು, ಕಣ್ಣಿಗೆ ಕಾಣದಂಥ ಆ ನವಿರು ಮುಳ್ಳು, ಕುತ್ತಿಗೆಗೆ, ಕಂಕುಳಿಗೆ, ರವಿಕೆಯ ಒಳಗೆ ಸೇರಿ ತುರಿಸುತ್ತಿತ್ತು. ತೊಟ್ಟಿಯ ಕೊಳೆತ ನೀರಿನ ನಾತ ಸೋಪಿಗೂ ಹೋಗುತ್ತಿರಲಿಲ್ಲ. ದುಗ್ಗಮ್ಮ ಇಬ್ಬರು ಮಕ್ಕಳನ್ನು ಹೊತ್ತದ್ದು ಆ ನೆಲದ ಮೇಲೆ ಕೂತೇ.

ಆ ಇಡೀ ಕಾರ್ಖಾನೆಯಲ್ಲಿ ಇದ್ದದ್ದು ಎರಡು ಕುರ್ಚಿ. ಒಂದರಲ್ಲಿ ಕಾಂತೇಶ ಕೂರುತ್ತಿದ್ದ. ಇನ್ನೊಂದು ಸಾಹುಕಾರರಿಗೆ. ಅವರು ತಿಂಗಳಿಗೊಮ್ಮೆ ಬಂದು ಹತ್ತು ನಿಮಿಷ ಕೂತು ಹೋಗುತ್ತಿದ್ದರು. ದೊಡ್ಡ ಮಗಳು ಹೊಟ್ಟೆಯಲ್ಲಿ ಎಂಟು ತಿಂಗಳಾಗಿದ್ದಾಗ ದುಗ್ಗಮ್ಮನಿಗೆ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂತು. ಎದ್ದು ನಿಂತವಳು ಬೀಳದಿರಲೆಂದು ಆ ಖಾಲಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕೂರಲಿಲ್ಲ, ಹಿಡಿದುಕೊಂಡಳು ಅಷ್ಟೆ. ಹೊಲಗೇರಿಯವಳ ಕೈ ಬಿದ್ದಿತೆಂದು ಕಾಂತೇಶ ಕುರ್ಚಿ ತೊಳೆಸಿದ. ತೊಟ್ಟಿಯಿಂದ ನೀರು ಹೊತ್ತು ತಂದು ತೊಳೆದವಳೂ ದುಗ್ಗಮ್ಮನೇ. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಬಗ್ಗಿ ನಾಲ್ಕೂ ಕಾಲು ತೊಳೆದಳು. ಬೈಗುಳಗಳೆಲ್ಲ ಅವಳಿಗೆ ಮರೆತುಹೋಗಿವೆ, ಅದೊಂದು ಮರೆತಿಲ್ಲ.

ಇನ್ನು ಬಿಲ್ಲೆಯ ವಿಷಯ. ಪ್ರತಿಯೊಬ್ಬಳಿಗೂ ಒಂದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಂಬರು. ಬಿಲ್ಲೆ ಇದ್ದವಳಿಗೆ ಗೇಟು ತೆರೆಯುತ್ತಿತ್ತು. ಹೊಸ ಬಿಲ್ಲೆ ಕೊಡುವುದನ್ನು ಸಾಹುಕಾರರು ಎಂದೋ ನಿಲ್ಲಿಸಿದ್ದರು. ಹಾಗಾಗಿ ಅತ್ತೆಯ ಕೈ ಸೋತಾಗ ಬಿಲ್ಲೆ ಸೊಸೆಗೆ ಬರುತ್ತಿತ್ತು. ಅದೊಂದು ಸಣ್ಣ ಶಾಸ್ತ್ರವೇ ಆಗಿಬಿಟ್ಟಿತ್ತು. ಮಂಗಳವಾರ ಬಿಟ್ಟು ಒಳ್ಳೆಯ ದಿನ ನೋಡಿ, ಎರಡು ಎಲೆ, ಒಂದು ಅಡಿಕೆಯ ಜೊತೆ ಬಿಲ್ಲೆಯನ್ನು ಸೊಸೆಯ ಸೆರಗಿಗೆ ಗಂಟು ಹಾಕುತ್ತಿದ್ದರು. ಕೇರಿಯಲ್ಲಿ ಹೆಣ್ಣು ಕೊಡುವವರು "ಅತ್ತೆಗೆ ಬಿಲ್ಲೆ ಉಂಟಾ?" ಎಂದು ಕೇಳಿಯೇ ಮಾತು ಮುಂದುವರಿಸುತ್ತಿದ್ದರು. ನೆಮ್ಮಾರಿನಿಂದ ದುಗ್ಗಮ್ಮನನ್ನು ಚೌಡಮ್ಮನ ಮಗ ಐತನಿಗೆ ಕೊಡುವಾಗ ಅವಳ ಅಪ್ಪನೂ ಕೇಳಿದ್ದ. ಚೌಡಮ್ಮ ಸೊಂಟದ ಸಂಚಿಯಿಂದ ನಲವತ್ತೊಂದನೇ ಬಿಲ್ಲೆ ತೆಗೆದು ತೋರಿಸಿದ್ದಳು. ಬಡವರ ಮನೆಯಲ್ಲಿ ಕೊಡಲು ಇದ್ದ ಆಸ್ತಿ ಅದೊಂದೇ ಆಗಿತ್ತು.

ಬಿಲ್ಲೆ ಕೈ ಬದಲಾಯಿಸಿದರೂ ಪುಸ್ತಕದಲ್ಲಿ ಹೆಸರು ಬದಲಾಗುತ್ತಿರಲಿಲ್ಲ. ಬದಲಾಯಿಸಬೇಕು ಎಂದು ಹೆಂಗಸರಿಗೆ ಹೊಳೆದೇ ಇರಲಿಲ್ಲ. ಅತ್ತೆಯ ಹೆಸರು ಕೂಗಿದರೆ ಸೊಸೆ ಓಗೊಡುವುದು ಅವರಿಗೆ ಮರ್ಯಾದೆಯ ವಿಷಯವೇ ಆಗಿತ್ತು. ಸಾಹುಕಾರರಿಗೆ ಮಾತ್ರ ಎಲ್ಲ ಹೊಳೆದಿತ್ತು. ಹೊಸ ಹೆಸರು ಎಂದರೆ ಹೊಸ ಪಿ.ಎಫ್., ಹೊಸ ತಲೆನೋವು. ಹಳೆಯ ಹೆಸರಿಗೆ ಐವತ್ತೆಂಟು ವಯಸ್ಸಾಯಿತೆಂದರೆ ಅದನ್ನೂ ಕಟ್ಟದೆ ತಪ್ಪಿಸಿಕೊಳ್ಳಬಹುದಿತ್ತು. ಚೌಡಮ್ಮ ಪುಸ್ತಕದಲ್ಲಿ ಮುದುಕಿಯಾಗುತ್ತ ಹೋದಳು, ಮಣ್ಣಿನಲ್ಲಿ ಮಣ್ಣಾಗುತ್ತ ಹೋದಳು, ದುಗ್ಗಮ್ಮ ಕಡ್ಡಿ ಸೀಳುತ್ತ ಹೋದಳು.

ಆಮೇಲೆ ಹೊರದೇಶದ ಕಡ್ಡಿ ಬಂತು. ಒಂದು ದಿನ ಕಾಂತೇಶ ರಟ್ಟಿನ ಪೆಟ್ಟಿಗೆಯಿಂದ ಒಂದು ಕಟ್ಟು ತೆಗೆದು ಹೆಂಗಸರ ಮುಂದೆ ಎಸೆದ. ನೋಡಿ, ಕಲಿಯಿರಿ ಎಂದ. ಕಟ್ಟು ಕೈಯಿಂದ ಕೈಗೆ ಹೋಯಿತು. ಎಲ್ಲ ಕಡ್ಡಿಯೂ ದುಂಡಗೆ, ಎಲ್ಲವೂ ಒಂದೇ ಅಳತೆ. ಬೆರಳಾಡಿಸಿದರೆ ಒಂದು ಸಿಬಿರಿಲ್ಲ. ದುಗ್ಗಮ್ಮನ ಪಕ್ಕದಲ್ಲಿ ಕೂರುತ್ತಿದ್ದ ಅನ್ನಮ್ಮ ಅದನ್ನು ಕೆನ್ನೆಗೆ ಒತ್ತಿ ನೋಡಿದಳು.

"ಇದನ್ನ ಮಾಡಿದೋಳಿಗೆ ಕೈ ಇಲ್ವಾ ಮಾರಾಯ್ತಿ?" ಎಂದಳು.

"ಮಿಷನ್ ಮಾಡಿದ್ದು ಕಣೇ," ಎಂದಳು ದುಗ್ಗಮ್ಮ.

ಪೇಟೆಯಲ್ಲಿ ಊದುಬತ್ತಿ ಹೊಸೆಯುವುದಕ್ಕೂ ಮಿಷನ್ ಬಂದಿತ್ತು. ಆ ಮಿಷನ್‌ಗೆ ದುಂಡು ಕಡ್ಡಿಯೇ ಬೇಕು, ಕೈಯಲ್ಲಿ ಸೀಳಿದ ಚೌಕ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಹಡಗಿನಲ್ಲಿ ಬಂದ ಕಡ್ಡಿ ಇಲ್ಲಿ ಸೀಳಿದ್ದಕ್ಕಿಂತ ಅಗ್ಗಕ್ಕೆ ಬೀಳುತ್ತಿತ್ತು. ಎರಡು ವರ್ಷ ಎಳೆದಾಡಿ ಎರಡು ಸಾವಿರದ ಏಳರಲ್ಲಿ ಸಾಹುಕಾರರು ಬೀಗ ಹಾಕಿದರು. ಹಾಕಿದವರು ಸುಮ್ಮನೆ ಕೂರಲಿಲ್ಲ. ಅದೇ ಹೊರದೇಶದ ಕಡ್ಡಿಯ ಏಜೆನ್ಸಿ ತೆಗೆದುಕೊಂಡರು. ಹೆಂಗಸರು ಗೊಬ್ಬರ ಹೊರಲು, ಜಲ್ಲಿ ಹೊರಲು, ಕಾಫಿ ತೋಟದ ಕಳೆ ತೆಗೆಯಲು ಚದುರಿದರು. ದುಗ್ಗಮ್ಮನ ಬೆನ್ನು ಇಪ್ಪತ್ತೆರಡು ವರ್ಷ ಕೂತು ಹಾಗೆಯೇ ಬಗ್ಗಿಹೋಗಿತ್ತು. ಹೊರೆ ಎತ್ತಿದರೆ ಸೊಂಟದಿಂದ ಪಾದದವರೆಗೆ ಸೆಳೆತ. ಐತ ತಾನೂ ಕೂಲಿಯಿಂದ ಬಂದು ರಾತ್ರಿ ಅವಳ ಬೆನ್ನಿಗೆ ಬಿಸಿ ಮರಳಿನ ಶಾಖ ಕೊಡುತ್ತಿದ್ದ. ಮಾತಾಡಲು ಇಬ್ಬರಿಗೂ ತ್ರಾಣ ಇರುತ್ತಿರಲಿಲ್ಲ.

ಮರುವರ್ಷ ಸರ್ಕಾರದ ಯೋಜನೆ ಬಂದ ಸುದ್ದಿ ಬಂತು. ವಿದೇಶಿ ಮಾಲಿನಿಂದ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಸಹಾಯ. ಮೂರು ತಿಂಗಳ ಹೊಲಿಗೆ ತರಬೇತಿ, ತರಬೇತಿಯ ದಿನಗಳಿಗೆ ಭತ್ಯೆ, ಒಂದು ಹೊಲಿಗೆ ಮಿಷನ್. ಕೂತು ಮಾಡುವ ಕೆಲಸ, ಅದೂ ಸ್ಟೂಲಿನ ಮೇಲೆ ಕೂತು. ದುಗ್ಗಮ್ಮ ಮೊದಲು ಕೇಳಿಸಿಕೊಂಡದ್ದು ಅದನ್ನು. ಆದರೆ ಐವತ್ತು ವರ್ಷದ ಒಳಗಿನವರಿಗೆ ಮಾತ್ರ. ಪಟ್ಟಿ ಮಾಡಿದ್ದು ಹಾಜರಿ ಪುಸ್ತಕ ನೋಡಿ. ದುಗ್ಗಮ್ಮನೂ ಸೇರಿ ಮೂವತ್ತೊಂದು ಜನರಲ್ಲಿ ಹತ್ತೊಂಬತ್ತು ಜನ ಉಳಿದರು. ಅನ್ನಮ್ಮ ಉಳಿದಳು, ಅವಳ ಬಿಲ್ಲೆ ಅವಳ ಹೆಸರಿನದೇ. ಅತ್ತೆಯ ಬಿಲ್ಲೆಯವರು ಹನ್ನೆರಡು ಜನ ವಯಸ್ಸು ಮೀರಿದರೆಂದು ಹೊರಗೆ ಬಿದ್ದರು. ಅವರಲ್ಲಿ ಮೂವತ್ತು ವರ್ಷದವಳೂ ಇದ್ದಳು.

ದುಗ್ಗಮ್ಮ ಕೂಲಿ ಬಿಟ್ಟು ಕೊಪ್ಪದ ಕಚೇರಿಗೆ ಹೋದಳು. ಗುಮಾಸ್ತ ಸುಬ್ರಾಯ ಪಟ್ಟಿಯ ಮೇಲೆ ಬೆರಳಿಟ್ಟ.

"ಬಿಲ್ಲೆ ನಲವತ್ತೊಂದು. ಚೌಡಮ್ಮ. ಹುಟ್ಟಿದ್ದು ಮೂವತ್ತೊಂದನೇ ಇಸವಿ. ಎಪ್ಪತ್ತೇಳು ವರ್ಷ ಆತು. ನಿಮ್ಗೆ ಏನಾಗ್ಬೇಕು?"

"ಅತ್ತೆ. ಅವ್ರು ತೀರ್ಕೊಂಡು ಹದಿನಾಕು ವರ್ಷ ಆತು ಸ್ವಾಮಿ."

"ಹೋದ ವರ್ಷದ ತನಕ ಹಾಜರಿ ಉಂಟಲ್ಲ."

"ಅದು ನಾನೇ."

"ನೀವು ಅಂತ ಎಲ್ಲುಂಟು?"

ಅವಳು ಎರಡೂ ಕೈ ಮೇಜಿನ ಮೇಲಿಟ್ಟಳು. ಎಡಗೈ ಹೆಬ್ಬೆರಳು ಒಳಕ್ಕೆ ಬಾಗಿತ್ತು. ಅಂಗೈ ತುಂಬ ಹಳೆಯ ಕರೀ ಚುಕ್ಕಿಗಳು, ಒಳಗೇ ಉಳಿದುಹೋದ ಸಿಬಿರುಗಳು. ಸುಬ್ರಾಯ ನೋಡಿದ. ಕೆಟ್ಟ ಮನುಷ್ಯನೇನಲ್ಲ, ನೋಡಿ ಮುಖ ಸಣ್ಣದು ಮಾಡಿಕೊಂಡ.

"ಕೈ ನೋಡಿ ಬರ್ಕೊಳ್ಳೋಕೆ ಇದ್ರಲ್ಲಿ ಜಾಗ ಇಲ್ಲಮ್ಮ. ಕಂಪನಿಯಿಂದ ಒಂದು ಕಾಗದ ತನ್ನಿ, ನೀವೇ ದುಡಿದದ್ದು ಅಂತ."

ಕಂಪನಿ ಎಂದರೆ ಕಾಂತೇಶ. ಅವನು ಇಂದು ನಾಳೆ ಎಂದ. ಅವಳು ಮೂರು ಸಲ ಕೊಪ್ಪಕ್ಕೆ ಹೋದಳು, ಮೂರು ಸಲವೂ ಕಾಗದ ಎಲ್ಲಿ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರೆ ಬಸ್ಸು ತಪ್ಪುವಷ್ಟು ದಣಿವು. ಮೂರನೇ ಸಲ ನಿಜವಾಗಿಯೂ ತಪ್ಪಿತು. ಅವತ್ತು ಅವಳು ಹೋಗಲಿ ಬಿಡು ಎಂದುಕೊಂಡಳು.

ಬಿಟ್ಟವಳನ್ನು ಹುಡುಕಿಕೊಂಡು ಕಾಂತೇಶನೇ ಬಂದ. ಕೇರಿಯ ಒಳಗೆ ಬರಲಿಲ್ಲ, ಬೈಕು ರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಹೊಡೆದ. ದುಗ್ಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏ ಚೌಡಿ, ಒಳ್ಳೆ ಸುದ್ದಿ," ಎಂದ. "ಬರೋ ಬುಧವಾರ ಕಾರ್ಖಾನೆ ಅಂಗಳದಲ್ಲೇ ಮಿಷನ್ ಹಂಚ್ತಾರೆ. ಮೇಲಿನ ಆಫೀಸರು ಪ್ರಶಾಂತ ಅಂತ, ಜಿಲ್ಲಾ ಕಚೇರಿಯೋರು, ಪಟ್ಟಿ ನೋಡಿ ಖುಷಿಯಾಗಿಬಿಟ್ಟಿದಾರೆ. ಎಪ್ಪತ್ತಾರು ವರ್ಷದ ತನಕ ಒಬ್ಳು ದುಡಿದಾಳಲ್ಲ ಅಂತ. ಅತಿ ಹಿರಿಯ ಕಾರ್ಮಿಕೆ ಅಂತ ನಿಮ್ಮತ್ತೆಗೆ ಸನ್ಮಾನ ಮಾಡ್ಬೇಕಂತೆ."

ದುಗ್ಗಮ್ಮನಿಗೆ ನಗು ಬಂತು. ನಕ್ಕು ಎಷ್ಟೋ ದಿನವಾಗಿತ್ತು.

"ಎಲ್ಲಿಂದ ತರಾದು ರೈಟ್ರೇ? ಹಳ್ಳದ ದಂಡೇಲಿ ಮಣ್ಣು ಮಾಡೀವಿ. ನೀವೇ ಅವತ್ತು ಅರ್ಧ ದಿನ ರಜೆ ಕೊಟ್ಟಿದ್ರಿ."

"ಅದಕ್ಕೇ ಬಂದಿದ್ದು ನಾನು. ಈಗ ಸತ್ತಾಳೆ ಅಂದ್ರೆ ಪುಸ್ತಕ ಬಿಚ್ತಾರೆ. ನಿಮ್ಮ ಕೇರೀಲಿ ಗಿಡ್ಡಜ್ಜಿ ಇದಾಳಲ್ಲ, ಅವಳನ್ನ ತಂದು ಕೂರ್ಸು. ಒಂದು ಗಳಿಗೆ ಕೂತು ಶಾಲು ಹೊದ್ಕೊಂಡು ಇಳಿದ್ರೆ ಮುಗೀತು. ಸನ್ಮಾನಕ್ಕೆ ಅಂತ ಮಿಷನ್ ಒಂದು ಹೆಚ್ಚಿಗೆ ಬರ್ತದೆ. ಅದು ನಿನ್ನ ಮನೆ ಸೇರೋ ಹಂಗೆ ನಾನು ನೋಡ್ಕೊಳ್ತೀನಿ."

"ನಾನು ಕೇಳಿದ್ದು ಕಾಗದ. ನನ್ನ ಹೆಸ್ರಲ್ಲಿ."

"ಕಾಗದ ಕೊಟ್ರೆ ನಾನು ಜೈಲಿಗೆ. ಅದ್ರಿಂದ ನಿಂಗೇನು ಸಿಗ್ತದೆ?"

ದುಗ್ಗಮ್ಮ ಬೈಕಿನ ಚಕ್ರ ನೋಡುತ್ತ ಕೇಳಿದಳು.

"ರೈಟ್ರೇ, ನನ್ನ ಹೆಸ್ರು ಎಂತದು? ಹೇಳಿ ನೋಡಾಣ."

ಕಾಂತೇಶ ನಕ್ಕ.

"ಚೌಡಿ ಸೊಸೆ. ಇನ್ನೇನು? ಬುಧವಾರ ಹತ್ತು ಗಂಟೆಗೆ ಕರ್ಕೊಂಡು ಬಾ. ನೀನು ಕರ್ಕೊಂಡು ಬರದಿದ್ರೆ ನಾನೇ ಆಟೋ ಕಳಿಸ್ತೀನಿ. ಮಿಷನ್ ಬೇಕಾ ಬೇಡ್ವಾ ನಿಂಗೆ ಬಿಟ್ಟಿದ್ದು."

ಇಪ್ಪತ್ತೆರಡು ವರ್ಷ ದಿನಾ ಎಂಟು ಗಂಟೆಗೆ ಅವಳ ಮುಖ ನೋಡಿದ ಮನುಷ್ಯ. ಅವಳ ಹೆಸರು ಅವನಿಗೆ ಬೇಕಾಗಿರಲಿಲ್ಲ. ದುಗ್ಗಮ್ಮನಿಗೆ ಆಗ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಮೈಯಲ್ಲಿ ಅಷ್ಟು ಬಿಸಿಯಾದರೂ ಇರುತ್ತಿತ್ತು. ಮಿಷನ್ ಬೇಕು ಎಂದು ಒಳಗೆ ಒಂದು ದನಿ ಹೇಳುತ್ತಲೇ ಇತ್ತು. ಸ್ಟೂಲಿನ ಮೇಲೆ ಕೂತು ಕಾಲಲ್ಲಿ ತುಳಿಯುವ ಮಿಷನ್. ಬೇಡ ಎನ್ನಲು ಅವಳೇನು ಮಹಾರಾಣಿಯೇ?

ಮಂಗಳವಾರ ಅನ್ನಮ್ಮ ಬಂದಳು. ಅವಳು ನರಸಿಂಹರಾಜಪುರದ ಚರ್ಚಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಹೊಸ್ತಿಲ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಸುತ್ತು ಬಳಸದೆ ಹೇಳಿದಳು.

"ನೀನು ನಾಳೆ ಎಂತಾದ್ರೂ ಮಾತಾಡ್ತೀಯಾ ಅಂತ ಎಲ್ರಿಗೂ ಹೆದರಿಕೆ ಆಗಿದೆ ಕಣೇ. ಪುಸ್ತಕ ಸುಳ್ಳು ಅಂತ ಆದ್ರೆ ನಮ್ಮ ಮಿಷನ್ನೂ ನಿಲ್ಲಿಸ್ತಾರಂತೆ. ರೈಟ್ರು ಹೇಳಿದ್ರು. ನಂಗೆ ಬೇರೆ ದಿಕ್ಕಿಲ್ಲ. ಕಣ್ಣು ಇರೋವಾಗ್ಲೇ ಒಂದೆರಡು ವರ್ಷ ಹೊಲಿಬೇಕು."

"ನಾ ಎಂತ ಮಾಡ್ಲಿ ಮಾರಾಯ್ತಿ. ಮಾಡೋಕೆ ಶಕ್ತಿ ಎಲ್ಲಿದೆ."

"ನನ್ನ ಮಿಷನ್ ಆಟೋಗೆ ಏರ್ಸೋಕಾದ್ರೂ ಬಾ. ಒಬ್ಳಿಗೆ ಎತ್ತಕ್ಕಾಗಲ್ಲ."

"ಬರ್ತೀನಿ," ಎಂದಳು ದುಗ್ಗಮ್ಮ. ಅನ್ನಮ್ಮ ಹೋಗುವಾಗ ಅವಳ ಕೈ ಹಿಡಿದು ಒತ್ತಿ ಹೋದಳು.

ಬುಧವಾರ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಬಿದಿರು ನೆನೆಹಾಕುತ್ತಿದ್ದ ತೊಟ್ಟಿಯ ಮೇಲೆ ಹಲಗೆ ಜೋಡಿಸಿ ಅದನ್ನೇ ವೇದಿಕೆ ಮಾಡಿದ್ದರು. ನಾತ ಬಾರದಿರಲೆಂದು ಸುತ್ತ ಊದುಬತ್ತಿ ಹಚ್ಚಿದ್ದರು, ಕಡ್ಡಿ ದುಂಡಗಿನದು. ಊರಿನ ದೊಡ್ಡವರಿಗೆ ಪ್ಲಾಸ್ಟಿಕ್ ಕುರ್ಚಿ, ಕಾರ್ಮಿಕರಿಗೆ ನೆಲದ ಮೇಲೆ ಟಾರ್ಪಾಲು. ವೇದಿಕೆಯಲ್ಲಿ ನಾಲ್ಕು ಕುರ್ಚಿ. ಸಾಹುಕಾರರದು, ಪ್ರಶಾಂತನದು, ಪಂಚಾಯ್ತಿಯವರದು, ಮತ್ತೆ ಬಿಳಿ ಟವೆಲು ಹೊದಿಸಿದ ಒಂದು ಸನ್ಮಾನದ ಕುರ್ಚಿ. ಅದರಲ್ಲಿ ಗಿಡ್ಡಜ್ಜಿ ಕೂತಿದ್ದಳು. ಆಟೋ ಕಳಿಸಿ ಕರೆಸಿದ್ದರು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಿವಿ ಪೂರ್ತಿ ಮಂದ. ಯಾಕೆ ಕೂರಿಸಿದ್ದಾರೆಂದು ಗೊತ್ತಿಲ್ಲದೆ ಎಲ್ಲರನ್ನೂ ನೋಡಿ ಕೈಮುಗಿಯುತ್ತಿದ್ದಳು. ಆ ಕೈಗಳು ಜೀವಮಾನದಲ್ಲಿ ಒಂದು ಬಿದಿರು ಸೀಳಿದವಲ್ಲ.

ಸಾಹುಕಾರರು ಭಾಷಣ ಮಾಡಿದರು. ಕಾರ್ಮಿಕರು ತಮ್ಮ ಮನೆಯ ಮಕ್ಕಳಿದ್ದಂತೆ ಎಂದರು. ಆಮೇಲೆ ಕಾಂತೇಶ ಮೈಕು ಹಿಡಿದು, ಹಾಜರಿ ಕೂಗುತ್ತಿದ್ದ ಅದೇ ರಾಗದಲ್ಲಿ ಹೆಸರು ಕೂಗಿದ. ಒಬ್ಬೊಬ್ಬಳೇ ಎದ್ದು ಹೋಗಿ, ಬಗ್ಗಿ, ಮಿಷನ್ ಮುಟ್ಟಿ ಫೋಟೋ ತೆಗೆಸಿಕೊಂಡಳು. ಕಬ್ಬಿಣದ ಸ್ಟ್ಯಾಂಡು ಹೊರುವವರು ಸಾಲಲಿಲ್ಲ.

"ಏ ಚೌಡಿ, ಒಂದು ಕೈ ಹಾಕು," ಎಂದ ಕಾಂತೇಶ, ಮೈಕಿನಿಂದ ಬಾಯಿ ಈಚೆ ತೆಗೆದು.

ಅವಳು ಹಾಕಿದಳು. ಅನ್ನಮ್ಮನದು ಏರಿಸಿದಳು. ಮುಂದಿನದು ಏರಿಸಿದಳು. ಅದರ ಮುಂದಿನದು. ಅಂಗಳದಿಂದ ರಸ್ತೆಗೆ ಐವತ್ತು ಹೆಜ್ಜೆ, ಸ್ಟ್ಯಾಂಡಿನ ಅಂಚು ಮೊಣಕಾಲಿಗೆ ಬಡಿಯುತ್ತಿತ್ತು. ತನಗೆ ಸಿಗದ ಮಿಷನ್‌ಗಳನ್ನು ಒಂದೊಂದಾಗಿ ಹೊತ್ತು ಹೊರಗೆ ಹಾಕಿದಳು. ಹತ್ತೊಂಬತ್ತನೆಯದು ಆಟೋ ಏರಿ ಹಗ್ಗ ಬಿಗಿದಾಗ ಸೊಂಟದ ಸೆಳೆತ ಪಾದಕ್ಕಿಳಿದಿತ್ತು. ಒಂದು ಮಿಷನ್ ಕೊಟ್ಟಿಗೆಯ ಬಾಗಿಲ ಹಿಂದೆ ಉಳಿದಿತ್ತು. ಕಾಂತೇಶ ಅವಳಿಗೆ ಅದನ್ನು ಕಣ್ಣಲ್ಲೇ ತೋರಿಸಿದ.

ಆಗ ಸನ್ಮಾನ. ಪ್ರಶಾಂತ ಶಾಲು ಬಿಡಿಸಿ ಎದ್ದು ನಿಂತ. ಮೂವತ್ತರ ಆಸುಪಾಸಿನ ಹುಡುಗ, ಮುಖದಲ್ಲಿ ನಿಜವಾದ ಗೌರವ ಇತ್ತು. ಕಾಂತೇಶ ಮೈಕಿನಲ್ಲಿ ಕೂಗಿದ.

"ಚೌಡಮ್ಮ."

ಗಿಡ್ಡಜ್ಜಿಗೆ ಕೇಳಲಿಲ್ಲ. ಕೇಳಿದ್ದರೂ ಅದು ತಾನೆಂದು ಅವಳಿಗೇನು ಗೊತ್ತು? ಆದರೆ ಟಾರ್ಪಾಲಿನ ಮೇಲೆ ಕೂತಿದ್ದ ಮೂವತ್ತು ಹೆಂಗಸರಿಗೆ ಕೇಳಿತು. ಮೂವತ್ತು ತಲೆಗಳೂ ಒಟ್ಟಿಗೆ ಹಿಂದಕ್ಕೆ ತಿರುಗಿ, ಆಟೋದ ಪಕ್ಕ ಸೊಂಟ ಹಿಡಿದು ನಿಂತಿದ್ದ ದುಗ್ಗಮ್ಮನನ್ನು ನೋಡಿದವು. ಬೇಕೆಂದು ಮಾಡಿದ್ದಲ್ಲ. ಇಪ್ಪತ್ತೆರಡು ವರ್ಷ ಆ ಹೆಸರು ಕೂಗಿದಾಗ ಓಗೊಟ್ಟವಳು ಅವಳು. ಕತ್ತುಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ.

ಪ್ರಶಾಂತ ಶಾಲು ಹಿಡಿದುಕೊಂಡೇ ನಿಂತ. "ಎಲ್ಲರೂ ಅಲ್ಲಿ ಏನು ನೋಡ್ತಿದೀರಿ?" ಎಂದ.

ಕಾಂತೇಶ ಮೈಕು ಮುಚ್ಚಿ ದುಗ್ಗಮ್ಮನ ಕಡೆ ನೋಡಿದ. ಬೇಡ ಎನ್ನುವ ನೋಟ. ಅವನ ಕಣ್ಣಲ್ಲಿ ಗೋಗರೆತ ಕಂಡದ್ದು ಅ‌ವಳಿಗೆ ಅದೇ ಮೊದಲು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಾಗಿಲ ಹಿಂದಿನ ಮಿಷನ್ ಸಂಜೆ ಮನೆಗೆ ಬರುತ್ತಿತ್ತು. ಆದರೆ ಆ ಮಿಷನ್ ತುಳಿಯುವಾಗಲೂ ಅವಳು ಚೌಡಮ್ಮನೇ. ಸತ್ತರೆ ಗೋರಿಯಲ್ಲೂ ಚೌಡಮ್ಮನೇ ಇರುತ್ತಾಳೆ. ದುಗ್ಗಮ್ಮ ಎನ್ನುವವಳು ಒಂದು ಕಡ್ಡಿಯನ್ನೂ ಸೀಳಲಿಲ್ಲ, ಒಂದು ಹೊರೆಯನ್ನೂ ಹೊರಲಿಲ್ಲ ಎಂದಾಗುತ್ತದೆ. ಅದು ಅವಳಿಗೆ ಸಾಕಾಗಿತ್ತು. ಸಿಟ್ಟಿಗಿಂತ ಹೆಚ್ಚು ಸಾಕಾಗಿತ್ತು.

ಅವಳು ನಿಧಾನ ನಡೆದು ಬಂದಳು. ಕುಂಟುತ್ತಿದ್ದಳು, ಆದ್ದರಿಂದ ಬರಲು ಹೊತ್ತು ಹಿಡಿಯಿತು. ಟಾರ್ಪಾಲಿನವರು ಕಾಲು ಸರಿಸಿ ದಾರಿ ಬಿಟ್ಟರು. ವೇದಿಕೆ ಹತ್ತಿ ಮೊದಲು ಗಿಡ್ಡಜ್ಜಿಯ ಕಿವಿಗೆ ಬಾಯಿಟ್ಟಳು.

"ಅಜ್ಜಿ, ಏಳು. ಮನೆಗೆ ಹೋಗಾಣ."

ಅಜ್ಜಿ ಕೈ ಹಿಡಿದು ಎದ್ದಳು. ದುಗ್ಗಮ್ಮ ಪ್ರಶಾಂತನ ಕೈಯಿಂದ ಶಾಲು ತೆಗೆದುಕೊಂಡು ಅಜ್ಜಿಗೆ ಹೊದಿಸಿದಳು. "ಇದು ಅವಳಿಗೇ ಇರ್ಲಿ ಸ್ವಾಮಿ, ಚಳಿಗಾಗ್ತದೆ," ಎಂದಳು. ಅಜ್ಜಿಯನ್ನು ಇಳಿಸಿ ಅನ್ನಮ್ಮನ ಕೈಗೆ ಕೊಟ್ಟಳು. ತಿರುಗಿ ಹತ್ತಿದಳು. ಬಿಳಿ ಟವೆಲಿನ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂತಳು.

ಕುರ್ಚಿಗೆ ಬೆನ್ನು ಇತ್ತು. ಒರಗಿದಳು. ಸೊಂಟದಲ್ಲಿ ಏನೋ ಕಟಕ್ಕೆಂದಿತು. ಈ ಅಂಗಳದಲ್ಲಿ ಅವಳ ಬೆನ್ನಿಗೆ ಆಸರೆ ಸಿಕ್ಕಿದ್ದು ಅವತ್ತೇ.

"ಏ, ಏಳೇ," ಎಂದ ಕಾಂತೇಶ. ದನಿ ತಗ್ಗಿಸಿದ್ದ. "ನೀ ಕೂರೋ ಕುರ್ಚಿ ಅಲ್ಲ ಅದು."

"ಬೇಕಾದ್ರೆ ಆಮೇಲೆ ತೊಳ್ಸಿ ರೈಟ್ರೇ," ಎಂದಳು ದುಗ್ಗಮ್ಮ. "ಈ ಸಲ ನಾ ತೊಳೆಯಲ್ಲ."

ಸಾಹುಕಾರರು ತಮ್ಮ ಕುರ್ಚಿಯನ್ನು ಅತ್ತ ಸರಿಸಿಕೊಂಡರು. ಪ್ರಶಾಂತ ಇಬ್ಬರ ಮುಖವನ್ನೂ ನೋಡಿದ. "ನೀವು ಯಾರಮ್ಮ?" ಎಂದು ಕೇಳಿದ.

"ನೀವು ಸನ್ಮಾನಕ್ಕೆ ಕರೆದೋಳು. ಚೌಡಮ್ಮ ನಮ್ಮತ್ತೆ. ಸತ್ತು ಹದಿನಾಕು ವರ್ಷ ಆತು. ಅವ್ರ ಹೆಸ್ರಲ್ಲಿ ಇಪ್ಪತ್ತೆರಡು ವರ್ಷ ಇಲ್ಲಿ ಬಿದಿರು ಸೀಳಿದ್ದು ನಾನು. ನಂಗೆ ಎಪ್ಪತ್ತೇಳಲ್ಲ, ನಲವತ್ತಾರು. ಅಲ್ಲಿ ಕೂತೋರಲ್ಲಿ ಇನ್ನೂ ಹನ್ನೊಂದು ಜನ ಹಂಗೇ ಇದಾರೆ. ಅತ್ತೆ ಹೆಸ್ರಿಗೆ ವಯಸ್ಸಾತು ಅಂತ ಅವ್ರನ್ನೂ ಹೊರಗೆ ಹಾಕಿದೀರಿ."

"ಸಾರ್, ಇವಳಿಗೆ ಸ್ವಲ್ಪ ತಲೆ..." ಎಂದ ಕಾಂತೇಶ.

ಪ್ರಶಾಂತ ಅವನ ಕಡೆ ನೋಡಲಿಲ್ಲ. ಮುಖ ಕೆಂಪಾಗಿತ್ತು. ಶಾಲು ಹೊದಿಸಲು ಸಿದ್ಧವಾಗಿ ನಿಂತಿದ್ದ ಕೈಗಳನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. "ಇದನ್ನ ಆಫೀಸಲ್ಲಿ ಕೂತು ಮಾತಾಡೋಣಮ್ಮ," ಎಂದ. "ಈಗ ಇಳೀರಿ, ಜನ ನೋಡ್ತಿದಾರೆ."

"ಆಫೀಸಿಗೆ ಮೂರು ಸಲ ಬಂದೆ."

"ದಾಖಲೆಯಲ್ಲಿ ನಿಮ್ಮ ಹೆಸರೇ ಇಲ್ಲ ಅಂದ್ರೆ ನಾನಾದ್ರೂ ಏನು ಮಾಡ್ಲಿ?"

"ಇಲ್ಲ ಅಂತ್ಲೇ ಬರ್ಕೊಡಿ."

"ಏನು?"

"ಇಷ್ಟು ವರ್ಷ ಇಲ್ಲಿ ದುಡಿದೋಳ ಹೆಸ್ರು ಇವ್ರ ಪುಸ್ತಕದಲ್ಲಿ ಇಲ್ಲ ಅಂತ ಬರೀರಿ. ಸೈನ್ ಹಾಕಿ ಸೀಲು ಒತ್ತಿ. ಬಾಗಿಲ ಹಿಂದೆ ಒಂದು ಮಿಷನ್ ಇಟ್ಟಿದಾರೆ, ಅದು ನಂಗೆ ಬೇಡ, ವಾಪಸ್ ತಗೊಂಡ್ಹೋಗಿ. ಕಾಗದ ಕೊಡಿ ಸಾಕು. ಅದು ಕೊಡೋ ತನಕ ನಾ ಇಲ್ಲಿಂದ ಏಳಲ್ಲ. ಜಗಳಕ್ಕಲ್ಲ ಸ್ವಾಮಿ, ನಂಗೆ ಬೆನ್ನು ನೋವು."

ಸಾಹುಕಾರರು ಎದ್ದು ಕಾರಿನ ಕಡೆ ಹೋದರು. ಪಂಚಾಯ್ತಿಯವರು ಅವರ ಹಿಂದೆ. ಫೋಟೋದವನು ಕ್ಯಾಮೆರಾ ಚೀಲಕ್ಕೆ ತುಂಬಿದ. ಪೊಲೀಸರನ್ನು ಕರೆಸಲೇ ಎಂದು ಕಾಂತೇಶ ಕೇಳಿದ. ಕರೆಸಿದರೆ ಪುಸ್ತಕವನ್ನೂ ಅವರಿಗೇ ತೋರಿಸಬೇಕಾಗುತ್ತದೆ ಎಂದ ಪ್ರಶಾಂತ. ಹನ್ನೆರಡೂವರೆಯ ಕೊಪ್ಪದ ಬಸ್ಸು ಹೋಯಿತು, ಒಂದೂವರೆಯದೂ ಹೋಯಿತು. ಶಾಮಿಯಾನದ ಹುಡುಗರು ಪ್ಲಾಸ್ಟಿಕ್ ಕುರ್ಚಿ ಒಟ್ಟತೊಡಗಿದರು. ಒಬ್ಬ ಬಂದು ದುಗ್ಗಮ್ಮನ ಕುರ್ಚಿಯ ಹತ್ತಿರ ನಿಂತು, ಅವಳ ಮುಖ ನೋಡಿ, ತಿರುಗಿ ಹೋದ. ದುಗ್ಗಮ್ಮ ಕಣ್ಣು ಮುಚ್ಚಿದ್ದಳು. ನಿದ್ದೆಯೇ ಬಂದಿತ್ತೋ ಏನೋ.

ಕಣ್ಣು ಬಿಟ್ಟಾಗ ಎದುರಿಗೆ ಪ್ರಶಾಂತ ಮೇಜು ಎಳೆದುಕೊಂಡು ಕೂತಿದ್ದ. ಕಾಗದ ಬಿಡಿಸಿದ್ದ. ಪೆನ್ನಿನ ಮುಚ್ಚಳ ತೆಗೆದಿದ್ದ. ಕಾಂತೇಶ ಪಕ್ಕದಲ್ಲಿ ನಿಂತಿದ್ದ, ಅವನಿಗೆ ಕೂರಲು ಕುರ್ಚಿ ಉಳಿದಿರಲಿಲ್ಲ. ಅನ್ನಮ್ಮ ಮಿಷನ್ ಇದ್ದ ಆಟೋದಲ್ಲಿ ಗಿಡ್ಡಜ್ಜಿಯನ್ನೂ ಕೂರಿಸಿ ಕಳಿಸಿ ತಾನು ಉಳಿದಿದ್ದಳು. ಹನ್ನೊಂದು ಹೆಂಗಸರನ್ನು ಕೈಹಿಡಿದು ಎಬ್ಬಿಸಿ ವೇದಿಕೆಯ ಕೆಳಗೆ ಒಬ್ಬಳ ಹಿಂದೆ ಒಬ್ಬಳನ್ನು ನಿಲ್ಲಿಸುತ್ತಿದ್ದಳು.

"ಹೆಸರು ಹೇಳಿ ಅಮ್ಮ," ಎಂದ ಪ್ರಶಾಂತ.

ಹಳೆಯ ಹೆಸರೇ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು. ಸಂಚಿಯಿಂದ ನಲವತ್ತೊಂದನೇ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

"ಇದು ನಮ್ಮತ್ತೇದು," ಎಂದಳು. "ನಾನು ದುಗ್ಗಮ್ಮ."

ದುಗ್ಗಮ್ಮ ಇಪ್ಪತ್ತೆರಡು ವರ್ಷ ಇಲ್ಲಿ ದುಡಿದಳು, ಪುಸ್ತಕದಲ್ಲಿ ಅವಳ ಹೆಸರಿಲ್ಲ ಎಂದು ಅವನು ಬರೆದ. ಬರೆದು ಮುಗಿಸಿ, ಸಹಿ ಹಾಕಿ, ಸೀಲು ಒತ್ತಿ ಕಾಗದವನ್ನು ಅವಳ ಮುಂದೆ ಹಿಡಿದ. ಅವಳು ಮಡಚಿ ಬಿಲ್ಲೆ ಇರುತ್ತಿದ್ದ ಸಂಚಿಯಲ್ಲಿಟ್ಟುಕೊಂಡಳು.

"ಆಯ್ತಲ್ಲಮ್ಮ. ಇನ್ನು ಏಳಿ."

ದುಗ್ಗಮ್ಮ ಕೆಳಗೆ ನಿಂತ ಸಾಲನ್ನು ನೋಡಿದಳು.

"ಅವ್ರದ್ದೂ ಬರೀರಿ," ಎಂದಳು. "ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ."